ಅಂಗಡಿ ಇಲ್ಲದ ಹೂವಿನವರು

ಜನವರಿ ೬, ಸೋಮವಾರ

ಮದುವೆಯಾಗಿ ಇಂದಿಗೆ ಇಪ್ಪತ್ತಾರು ದಿನ. ಈ ಎಣಿಕೆಯನ್ನು ಯಾವಾಗ ನಿಲ್ಲಿಸಬೇಕೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ರೋಹನ ಲೂಮಿನಿಂದ, ಅಂದರೆ ಮಗ್ಗದ ಷೆಡ್ಡಿನಿಂದ, ಬಂದಾಗ ಅವನ ಹುಬ್ಬಿನ ಮೇಲೆ ಹತ್ತಿಯ ಒಂದು ಎಳೆ ಕುಳಿತಿತ್ತು. ಅದನ್ನು ಮೆಲ್ಲಗೆ ತೆಗೆದು ಈ ಪುಟದ ಮೂಲೆಗೆ ಅಂಟಿಸಿದ್ದೇನೆ. ಹುಚ್ಚು ಅನ್ನಿಸಿದರೆ ಅನ್ನಿಸಲಿ, ಓದುವವರು ಯಾರೂ ಇಲ್ಲ. ಇಚಲಕರಂಜಿಯ ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಆದರೆ ಓದು ಬರಹವೆಲ್ಲ ಮರಾಠಿಯಲ್ಲಿ. ನನ್ನದು ಕೊಲ್ಹಾಪುರದ ಇಂಗ್ಲಿಷ್ ಶಾಲೆ. ಕನ್ನಡ ಅಕ್ಷರ ಕಲಿಸಿದ್ದು ಮಹಾಗಾಂವದ ಅಜ್ಜಿ, ಬೇಸಿಗೆ ರಜೆಗಳಲ್ಲಿ, ಪುಟಕ್ಕೊಂದು ಬೆಲ್ಲದ ತುಂಡಿನಂತೆ ಲಂಚ ಕೊಟ್ಟು.

ಇಂದು ಊಟದ ಹೊತ್ತಿಗೆ ಧೈರ್ಯ ಮಾಡಿ ಹೇಳಿಬಿಟ್ಟೆ. ನಾನು ಹೂವಿನ ಅಲಂಕಾರದ ಕೆಲಸ ಶುರು ಮಾಡುತ್ತೇನೆ, ಮದುವೆ, ಹುಟ್ಟುಹಬ್ಬ, ಎಲ್ಲಕ್ಕೂ. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಅವರ ಹೆಸರು ಬಾಳಕ್ಕ; ಆ ಹೆಸರು ಕೇಳಿದರೆ ನಮ್ಮ ಲೂಮುಗಳಿರುವ ಕೊರೋಚಿಯ ನೇಕಾರರೆಲ್ಲ ಎದ್ದು ನಿಲ್ಲುತ್ತಾರೆ. ಮಾವನವರು ತೀರಿಕೊಂಡಾಗಿನಿಂದ ಇಪ್ಪತ್ತನಾಲ್ಕು ಲೂಮು ನಡೆಸುತ್ತಿರುವವರು ಅವರೇ.

"ಅಂಗಡಿ ಎಲ್ಲೈತಿ?" ಎಂದು ಕೇಳಿದರು.

"ಅಂಗಡಿ ಇಲ್ಲರಿ ಅತ್ತಿ."

"ಯಾರದರ ಅಂಗಡ್ಯಾಗ ಕೆಲಸ ಮಾಡೀಯೇನ?"

"ಇಲ್ಲರಿ."

"ಮತ್ತ ಏನೈತಿ?"

"ಆವಡ ಐತ್ರಿ," ಎಂದೆ. ಒಲವು ಅನ್ನುವುದಕ್ಕೆ ಇಲ್ಲಿ ಎಲ್ಲರೂ ಆ ಮರಾಠಿ ಮಾತನ್ನೇ ಆಡುತ್ತಾರೆ.

"ಆವಡ ನನಗೂ ಭಾಳ ಅದಾವ," ಎಂದು ಅತ್ತೆ ಪಲ್ಯ ಬಡಿಸಿಕೊಂಡರು. ರೋಹನ ತಟ್ಟೆ ನೋಡಿಕೊಂಡು ನಗುತ್ತಿದ್ದ. ಆಮೇಲೆ ಅತ್ತೆಯೇ ತೀರ್ಪು ಕೊಟ್ಟರು. ನನ್ನ ನಾದಿನಿ ಪೂನಮಳಿಗೆ ಫೆಬ್ರವರಿಯಲ್ಲಿ ಏಳು ತಿಂಗಳು ತುಂಬುತ್ತದೆ. ಒಂಬತ್ತನೇ ತಾರೀಖು ಗಡಹಿಂಗ್ಲಜದ ಅವಳ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ಅಲ್ಲಿಯ ಮಂದಿ ಡೋಹಾಳೆ ಜೇವಣ ಎನ್ನುತ್ತಾರೆ. ಹೂವಿನ ಅಲಂಕಾರ ತವರಿನವರ ಪಾಲಿಗೆ ಬಂದಿದೆ.

"ಅದನ್ನ ನೀ ಮಾಡ. ಬೀಗರ ಮುಂದ ಚಂದ ಆತಂದ್ರ ನಿನ್ನ ಹಾದಿ ನಿನಗ. ಇಲ್ಲಾಂದ್ರ ಮಾರನೇ ದಿನದಿಂದ ಕೊರೋಚಿ ಆಫೀಸು. ಕಂಪ್ಯೂಟರ್, ಇಂಗ್ಲಿಷ್ ಮೇಲು, ಎಲ್ಲಾ ನಿಂದು. ಓದಿದ ಸೊಸಿ ಬಂದಾಳಂತ ಸೂರತದ ವ್ಯಾಪಾರಿಗೆ ಹೇಳಿ ಬಿಟ್ಟೇನಿ."

ಅಷ್ಟೇ ಸಾಕು. ಸಂತೋಷಕ್ಕೆ ರೋಹನನ ಕಾಲನ್ನು ಮೇಜಿನ ಕೆಳಗೆ ಎಷ್ಟು ಜೋರಾಗಿ ತುಳಿದೆನೆಂದರೆ ಅವನಿಗೆ ಊಟ ನೆತ್ತಿಗೆ ಹತ್ತಿತು.

ಜನವರಿ ೯, ಗುರುವಾರ

ಕೊಲ್ಹಾಪುರದ ಹೂವಿನ ಪೇಟೆಗೆ ನಿನ್ನೆ ಬೆಳಕು ಹರಿಯುವ ಮುಂಚೆ ರೋಹನ ಗಾಡಿಯಲ್ಲಿ ಕರೆದುಕೊಂಡು ಹೋದ. ಚಳಿಗೆ ನಾನು ಅವನ ಜರ್ಕಿನ್ನಿನ ಎರಡೂ ಜೇಬಿನಲ್ಲಿ ಕೈ ಹಾಕಿಕೊಂಡಿದ್ದೆ. ಪ್ರಪಂಚದಲ್ಲಿ ಇದಕ್ಕಿಂತ ಚೆನ್ನಾದ ಪ್ರಯಾಣವಿಲ್ಲ. ಅಭ್ಯಾಸಕ್ಕೆಂದು ಗುಲಾಬಿ ನಾಲ್ಕು ಕಟ್ಟು, ಜಿಪ್ಸಿ ಎಂಬ ಸಣ್ಣ ಬಿಳಿ ಹೂವು ಎರಡು ಕಟ್ಟು ತಂದೆವು. ತಂಪು ಜಾಗ ಎಲ್ಲಿದೆ ಎಂದು ಯೋಚಿಸಿ ಕೊರೋಚಿಯ ಲೂಮಿನ ಷೆಡ್ಡಿನ ಒಂದು ಮೂಲೆಯಲ್ಲಿ ಬಕೆಟ್ಟಿಟ್ಟೆ. ನೂಲು ಹರಿಯಬಾರದೆಂದು ಅಲ್ಲಿ ಗಾಳಿಯನ್ನು ಸದಾ ಒದ್ದೆ ಇಡುತ್ತಾರೆ. ಫೋನಿನಲ್ಲಿ ನೋಡಿದ ವೀಡಿಯೋದಲ್ಲಿ ಹೇಳಿದಂತೆ ಹೂವಿನ ಮೇಲೂ ನೀರು ಚಿಮುಕಿಸಿದೆ.

ಇಂದು ಬೆಳಿಗ್ಗೆ ಹೋಗಿ ನೋಡಿದರೆ ಗುಲಾಬಿಯೇ ಕಾಣಲಿಲ್ಲ. ಇಪ್ಪತ್ತನಾಲ್ಕು ಲೂಮು ಹಾರಿಸಿದ ಹತ್ತಿಯ ಧೂಳೆಲ್ಲ ಆ ಒದ್ದೆ ಹೂವಿನ ಮೇಲೆ ಕುಳಿತು, ಬಕೆಟ್ಟಿನ ತುಂಬ ಬೂದು ಬಣ್ಣದ ತಲೆಗಳು.

ಲೂಮುಗಳ ರಿಪೇರಿ ನೋಡುವ ಜಾಬರ್ ಸಂಭಾಜಿ ಬಂದು ಇಣುಕಿ ನೋಡಿದ. ಇಲ್ಲಿಯವರಿಗೆಲ್ಲ ನಾನು ವೈನಿ, ಅತ್ತಿಗೆ. "ವೈನಿ, ಒಂದ ರಾತ್ರ್ಯಾಗ ಎಲ್ಲಾ ಮುದುಕ್ಯಾರ ಆಗ್ಯಾವಲ್ಲರಿ," ಎಂದ.

ಅತ್ತೆ ದೂರದಲ್ಲಿ ನಿಂತು ನೋಡಿದರು. ಬೈಯಲಿಲ್ಲ. ಬಕೆಟ್ಟನ್ನು ಎತ್ತಿ ಆಚೆ ಇಡಿ ಎಂದು ಸಂಭಾಜಿಗೆ ಹೇಳಿದರು, ತಾವು ಮುಟ್ಟಲಿಲ್ಲ. ಮನೆಯಲ್ಲೂ ಅಷ್ಟೆ, ಪೂಜೆಯ ಹೂಬುಟ್ಟಿಯ ಹತ್ತಿರವೂ ಹೋಗುವುದಿಲ್ಲ, ರೋಹನನಿಗೆ ಹೇಳುತ್ತಾರೆ. ಅವರಿಗೆ ಹೂವಿನ ಅಲರ್ಜಿ ಇರಬೇಕು. ಪಾಪ, ಅದಕ್ಕೇ ನನ್ನ ಕೆಲಸಕ್ಕೆ ಮುಖ ಗಂಟು ಹಾಕುತ್ತಾರೆ. ಬರುವಾಗ ಔಷಧಿ ಅಂಗಡಿಯಿಂದ ಒಂದು ಪಟ್ಟಿ ಅಲರ್ಜಿ ಮಾತ್ರೆ ತಂದಿದ್ದೇನೆ. ಸಮಯ ನೋಡಿ ಕೊಡಬೇಕು.

ಜನವರಿ ೧೭, ಶುಕ್ರವಾರ

ನನ್ನ ಉಗುರುಗಳು ಹೋದವು. ಮದುವೆಗೆಂದು ಹಚ್ಚಿಸಿಕೊಂಡಿದ್ದ, ಸಣ್ಣ ಹರಳಿನ, ಗುಲಾಬಿ ಬಣ್ಣದ, ನನ್ನ ಮುದ್ದಿನ ಉಗುರುಗಳು.

ಓಣಿಯ ಬಸವಣ್ಣನ ಗುಡಿಯ ಮುಂದೆ ಹೂವು ಕಟ್ಟುವ ಮಾಣಿಕಬಾಯಿಯ ಹತ್ತಿರ ಒಂದು ವಾರದಿಂದ ಕುಳಿತುಕೊಳ್ಳುತ್ತಿದ್ದೇನೆ. ಮೊದಲ ದಿನ ನಾನು ಕಲಿಯಬೇಕು ಎಂದಾಗ ಅವಳು ನನ್ನ ಕೈ ನೋಡಿ, "ಮ್ಯಾಡಮ್, ಈ ಉಗರಲೆ ಹೂವ ಕಟ್ಟತೀರೋ ಕೋಳಿ ಕೊಯ್ಯತೀರೋ?" ಎಂದಳು. ಉಗುರು ತೆಗೆಯುವುದು ಮೊದಲ ಷರತ್ತು. ಎರಡನೆಯದು, ಫೋನು ಚೀಲದಲ್ಲಿರಬೇಕು. ಮೂರನೆಯದು, ಆಯಿತೇನು ಎಂದು ಕೇಳಬಾರದು.

ಬಾಳೆ ನಾರನ್ನು ನೆನೆಸಿ, ಸೀಳಿ, ಎರಡು ಹೂವು ಈ ಕಡೆ, ಎರಡು ಹೂವು ಆ ಕಡೆ, ಬೆರಳ ಸುತ್ತ ಒಂದು ಕುಣಿಕೆ. ನೋಡಲು ಇಷ್ಟೇ. ನಾನು ಕಟ್ಟಿದ ಮೊಳವನ್ನು ಮಾಣಿಕಬಾಯಿ ಎತ್ತಿ ಹಿಡಿದರೆ ಅರ್ಧ ಮಲ್ಲಿಗೆ ಅವಳ ತೊಡೆಯ ಮೇಲೆ ಉದುರುತ್ತದೆ.

"ನಿನ್ನ ಮಾಲಿ ಹಾಕ್ಕೊಂಡ ದೇವರು ನಾಕ ಹೆಜ್ಜಿ ನಡದ್ರ ಬತ್ತಲ ಆಗತಾನ."

ಮ್ಯಾಡಮ್ ಹೋಗಿ ಏಕವಚನ ಬಂದಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಅತ್ತೆಗೂ ಕಲಿಸಬಹುದಿತ್ತು, ಅಲರ್ಜಿ ಇಲ್ಲದಿದ್ದರೆ, ಎಂದುಬಿಟ್ಟೆ.

ಮಾಣಿಕಬಾಯಿಯ ಕೈ ನಿಂತಿತು. "ಅಲರ್ಜಿ? ಯಾವ ಸಾಲ್ಯಾಗ ಕಲತೀ ತಂಗಿ ನೀ? ಬಾಳಕ್ಕ ಮದಲ ಈ ಕಟ್ಟಿ ಮ್ಯಾಲ ನನ್ನ ಬಾಜೂಕ ಕುಂತ ಕಟ್ಟತಿದ್ಲು. ಶ್ರಾವಣ ಸೋಮವಾರ ಗುಡಿ ತುಂಬ ಆಕೀದ ಹೂವ. ಗಂಡ ಹ್ವಾದ ದಿವಸ ಮುಡ್ಯಾಗಿಂದು ತಗದ್ರು. ತಾ ಮುಟ್ಟೂದನೂ ಬಿಟ್ಲು. ಇಪ್ಪತ್ತ ವರ್ಷ ಆತು."

ಮನೆಗೆ ಬಂದು ಆ ಮಾತ್ರೆಗಳನ್ನು ನನ್ನ ಸೂಟ್‌ಕೇಸಿನ ತಳದಲ್ಲಿ ಬಚ್ಚಿಟ್ಟೆ. ರಾತ್ರಿ ಊಟಕ್ಕೆ ಅತ್ತೆ ಬೇಳೆ ಬಡಿಸುವಾಗ ಅವರ ಬೆರಳುಗಳನ್ನೇ ನೋಡುತ್ತಿದ್ದೆ.

"ಏನ ನೋಡತಿ? ಉಪ್ಪ ಹಾಕೇನಿ," ಎಂದರು.

ಜನವರಿ ೨೮, ಮಂಗಳವಾರ

ಸಿಕ್ಕಿತು. ಸಿಕ್ಕಿಯೇ ಬಿಟ್ಟಿತು. ಪೂನಮಳ ಕುಬಸಕ್ಕೆ ಏನು ಮಾಡಬೇಕೆಂದು ಹದಿನೈದು ದಿನದಿಂದ ಫೋನಿನಲ್ಲಿ ಹುಡುಕುತ್ತಿದ್ದೆ. ಎಲ್ಲರೂ ಮಾಡುವ ಉಯ್ಯಾಲೆ ಬೇಡ. ಯಾವುದೋ ದ್ವೀಪದ ಮದುವೆಯ ಚಿತ್ರ: ಎತ್ತರದ ಒಂದು ಕುರ್ಚಿ, ನಾಲ್ಕು ಕಂಬ, ಮೇಲೆ ಗೋಪುರದಂತೆ ಚೂಪಾಗುತ್ತ ಹೋಗುವ ಮಾಡು. ಅವರು ಬಳಸಿದ ಹೂವು ಇಲ್ಲಿ ಸಿಗುವುದಿಲ್ಲ. ನಾನು ಕಂಬಕ್ಕೆ ಬಾಳೆ ದಿಂಡು, ಮಾಡಿಗೆ ಚೆಂಡುಹೂವಿನ ಮಾಲೆ, ಅಂಚಿಗೆ ಬಿಳಿ ಶೇವಂತಿ ಎಂದು ಬದಲಾಯಿಸಿಕೊಂಡೆ. ಎಲ್ಲ ನಮ್ಮ ನೆಲದ್ದೇ. ಇದಕ್ಕಿಂತ ಜಾಣತನ ಇನ್ನೇನಿದೆ.

ರೋಹನನಿಗೆ ತೋರಿಸಿದೆ. ಅವನು ಚಿತ್ರ ನೋಡಲಿಲ್ಲ, ನನ್ನನ್ನು ನೋಡಿದ. "ಚಂದ ಐತಿ," ಎಂದ. ಗೋಕುಳ ಶಿರಗಾಂವದಲ್ಲಿ ಅವನ ಗೆಳೆಯ ಮಲ್ಲಾರಿಯ ವರ್ಕ್‌ಶಾಪ್ ಇದೆ. ಅಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿದೆವು, ಟೆಂಪೋದಲ್ಲಿ ಒಯ್ಯಲು ಮಾಡನ್ನು ಬೋಲ್ಟು ಬಿಚ್ಚಿ ತೆಗೆಯುವಂತೆ.

ಅತ್ತೆಗೂ ಮಾಣಿಕಬಾಯಿಗೂ ಹೇಳಿಲ್ಲ. ಪೂನಮಳಿಗೂ ಇಲ್ಲ. ಅವಳಿಗೆ ಎರಡು ವರ್ಷದ ಹಿಂದೆ ಒಂದು ಕೂಸು ನಿಲ್ಲಲಿಲ್ಲ. ಈ ಸಲ ಅವಳು ಮೆಟ್ಟಿಲು ಇಳಿಯುವುದನ್ನೂ ಎಲ್ಲರೂ ಉಸಿರು ಹಿಡಿದು ನೋಡುತ್ತಾರಂತೆ. ಅವಳು ಆ ಕುರ್ಚಿಯಲ್ಲಿ ರಾಣಿಯ ಹಾಗೆ ಕೂರಬೇಕು.

ಫೆಬ್ರವರಿ ೯, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಸುಕಿನಿಂದ ಗಡಹಿಂಗ್ಲಜದ ಮನೆಯ ಪಡಸಾಲೆಯಲ್ಲಿ ನಾನೊಬ್ಬಳೇ ಬಾಗಿಲು ಹಾಕಿಕೊಂಡು ಕಟ್ಟಿದೆ. ರೋಹನ ಹೊರಗಿನ ಪೆಂಡಾಲಿನಲ್ಲಿ ಗಂಡಸರ ಜೊತೆಗಿದ್ದ, ಅತ್ತೆ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣದ ಹತ್ತಿರ. ಹನ್ನೊಂದಕ್ಕೆ ಹೆಂಗಸರು ಪಡಸಾಲೆಗೆ ಬಂದು ಕುಳಿತರು. ಹಸಿರು ಸೀರೆ, ಹಸಿರು ಬಳೆ, ತೋಳಿಗೆ ನಾನೇ ಕಟ್ಟಿದ ಸುಗಂಧರಾಜ ಹೂವಿನ ವಂಕಿ ತೊಟ್ಟು ಪೂನಮ ಬಾಗಿಲಲ್ಲಿ ನಿಂತಿದ್ದಳು. ನಾನು ನಗುತ್ತ ಕುರ್ಚಿಯ ಮೇಲಿನ ಬಟ್ಟೆಯನ್ನು ಎಳೆದೆ. ಚಪ್ಪಾಳೆ ಬೀಳುತ್ತದೆ ಎಂದು ಕಾಯುತ್ತಿದ್ದೆ.

ಮುಂದೆ ಕುಳಿತ ಒಬ್ಬ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ಹೊರಗೆ ಹೋದರು.

ಪೂನಮಳ ಅತ್ತೆ ಅಲಕಾ ಎದ್ದು ಬಂದರು. "ಏನ ಕಟ್ಟಿಟ್ಟೀಯವಾ ಇದನ್ನ? ಗೊತ್ತ ಐತೇನ ನಿನಗ?"

"ಕುರ್ಚಿರಿ, ಪೂನಮಗ."

"ನಮ್ಮ ಮಂದ್ಯಾಗ ಸತ್ತವರನ್ನ ಹಿಂಗ ಕುಂಡ್ರಿಸಿ ಮಣ್ಣಿಗೆ ಒಯ್ಯತಾರ. ಇದ ಬಾಳಿ ಕಂಬ, ಇದ ಹೂವ, ಇದ ಗೋಪುರ. ತುಂಬಿದ ಬಸರೀನ್ನ ಇದರಾಗ ಕುಂಡ್ರಸೂಣೇನ?"

ನನಗೆ ನಿಜವಾಗಿ ಗೊತ್ತಿರಲಿಲ್ಲ. ಮಹಾಗಾಂವದ ಅಜ್ಜ ಹೋದಾಗ ನನಗೆ ಹತ್ತನೇ ತರಗತಿಯ ಪರೀಕ್ಷೆ; ಮುಗಿದ ಮೇಲೆ ಹೇಳಿದರು. ಅಜ್ಜಿ ಹೋದಾಗ ನಾನು ಪುಣೆಯಲ್ಲಿದ್ದೆ. ಲಿಂಗವಂತರ ಮನೆಯಲ್ಲಿ ಹುಟ್ಟಿ ಇಪ್ಪತ್ತನಾಲ್ಕು ವರ್ಷವಾದರೂ ನಾನು ಒಮ್ಮೆಯೂ ವಿಮಾನ ಕಟ್ಟಿದ್ದನ್ನು, ಅದರಲ್ಲಿ ಹಿರಿಯರನ್ನು ಕೂರಿಸಿ ಹೆಗಲ ಮೇಲೆ ಒಯ್ದದ್ದನ್ನು ನೋಡಿಲ್ಲ. ಅಂಥವಳು ಕಂಡು ಕೇಳರಿಯದ ದ್ವೀಪದಿಂದ ತಂದು ಅದನ್ನೇ ಕಟ್ಟಿದೆ, ಅಚ್ಚುಕಟ್ಟಾಗಿ.

ಪೂನಮ ಬಾಗಿಲಿಗೆ ಒರಗಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. ಅವಳ ತುಟಿ ಬೆಳ್ಳಗಾಗಿತ್ತು.

ಆಗ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಇಂಥ ಕಾರ್ಯಗಳಲ್ಲಿ ಅವರು ಮುಂದೆ ಬರುವುದಿಲ್ಲ, ಇಂದು ಬೆಳಿಗ್ಗೆಯಿಂದಲೂ ಬಂದಿರಲಿಲ್ಲ. ಕೈಗೆ ಹಿಟ್ಟು ಮೆತ್ತಿತ್ತು. ಕುರ್ಚಿಯನ್ನು ಒಂದು ಕ್ಷಣ ನೋಡಿದರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ನಡೆದುಕೊಂಡು ಹೋಗಿ, ಅದರಲ್ಲಿ ಕುಳಿತರು.

"ಅಲಕಾಬಾಯಿ, ಇದು ನೀವಂದಂಗ ಇದ್ರ ಇದರಾಗ ಕುಂಡ್ರೂ ಪಾಳಿ ನಂದು. ನನ್ನ ಮಗಳದಲ್ಲ. ಕುಂತೇನಿ. ಮುಗೀತು."

ಅತ್ತೆ ನನ್ನ ಕಡೆ ತಿರುಗಿದರು. "ಸುಮ್ನ ಯಾಕ ನಿಂತಿ? ಫೋಟೋ ತಗಿ. ಇಷ್ಟ ಹೂವ ನಡುವ ಮತ್ತ ಯಾವಾಗ ಕುಂಡ್ರಲಿ ನಾ?"

ತೆಗೆದೆ. ಚಿತ್ರ ಸರಿಯಾಗಿ ಬಂದಿದೆ. ಬೂದು ಬಣ್ಣದ ಸೀರೆ, ಸುತ್ತ ಚೆಂಡುಹೂವಿನ ಹಳದಿ, ಕೆನ್ನೆಯ ಮೇಲೆ ಹಿಟ್ಟು. ಇಷ್ಟು ಸುಂದರವಾದ ಮುಖ ದಿನವೂ ನನ್ನ ಮುಂದೆಯೇ ಓಡಾಡುತ್ತಿತ್ತಲ್ಲ ಎಂದು ಆ ಗಡಿಬಿಡಿಯಲ್ಲೂ ಅನ್ನಿಸಿತು.

ಪೂನಮ, "ಅವ್ವಾ, ಏಳ, ಏಳವಾ," ಎಂದು ಅಳತೊಡಗಿದಳು. ಅತ್ತೆ ಎದ್ದರು. ಆಮೇಲೆ ಲೂಮಿನಲ್ಲಿ ಹೇಳುವ ಹಾಗೆ ಒಂದೊಂದೇ ಕೆಲಸ ಹೇಳಿದರು. ಮಾಡಿನ ಬೋಲ್ಟು ಬಿಚ್ಚ. ಬಾಳೆ ಕಂಬ ಹಿತ್ತಲಿಗೆ ಒಗಿ. ಚೆಂಡುಹೂವು ಅಲ್ಲೇ ಇರಲಿ, ಬೆನ್ನ ಹಿಂದೆ ಅರ್ಧ ಚಂದ್ರನ ಹಾಗೆ ಬಾಗಿಸು. ನಾನು ಬಾಗಿಸಿದರೆ ಅದು ಜಾರಿ ಜಾರಿ ಬೀಳುತ್ತಿತ್ತು. ಅವರು ನನ್ನ ಕೈಯಿಂದ ಮಾಲೆ ಕಿತ್ತುಕೊಂಡು ನಾಲ್ಕು ಕಡೆ ಗಂಟು ಹಾಕಿದರು. ಹತ್ತು ನಿಮಿಷದಲ್ಲಿ ಅದು ಬೇರೆಯೇ ಕುರ್ಚಿ. ಪೂನಮ ಕುಳಿತಳು, ನಗಲಿಲ್ಲ. ಆರತಿಯ ಹೊತ್ತಿಗೆ ಅತ್ತೆ ಮತ್ತೆ ಅಡುಗೆಮನೆ ಸೇರಿದ್ದರು.

ಕಾರಿನಲ್ಲಿ ವಾಪಸು ಬರುವಾಗ ಸಂಕೇಶ್ವರದವರೆಗೂ ಅತ್ತೆ ಉಗುರಿನ ಸಂದಿಯ ಹಿಟ್ಟು ಕೀಳುತ್ತಿದ್ದರು. ಆಮೇಲೆ ಅತ್ತೆ, "ಮಾರನೇ ದಿನದಿಂದ ಆಫೀಸ್ ಅಂದಿದ್ದೆ," ಎಂದರು.

"ಹೌದ್ರಿ," ಎಂದೆ.

ಫೆಬ್ರವರಿ ೧೦

ಆಫೀಸಿಗೆ ಹೋದೆ. ಬಂದೆ.

ಫೆಬ್ರವರಿ ೧೯, ಬುಧವಾರ

ಆಫೀಸು ಎಂದರೆ ಷೆಡ್ಡಿನ ಪಕ್ಕದ ಖೋಲಿ, ಗಾಜಿನ ಗೋಡೆಯ ಸಣ್ಣ ಕೋಣೆ. ಕಂಪ್ಯೂಟರಿನ ಕೀಲಿಗಳ ನಡುವೆಯೂ ಹತ್ತಿ. ದಿನವೂ ಸೂರತದ ವ್ಯಾಪಾರಿಗೆ ಒಳ್ಳೆಯ ಇಂಗ್ಲಿಷಿನಲ್ಲಿ ಮೇಲು ಬರೆಯುತ್ತೇನೆ. ಲೂಮಿನ ಸದ್ದಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡಬೇಕಿಲ್ಲ, ಅದೊಂದು ಅನುಕೂಲ. ಗುಡಿಯ ಮುಂದೆ ಹಾಯದೆ ಹಿಂದಿನ ಓಣಿಯಿಂದ ಮನೆಗೆ ಬರುತ್ತೇನೆ, ಮಾಣಿಕಬಾಯಿಯ ಕಣ್ಣು ತಪ್ಪಿಸಿ.

ಇಂದು ಹತ್ತು ದಿನದ ಮೇಲೆ ಪೂನಮಳ ಫೋನು ಬಂತು. ಬೈಯುತ್ತಾಳೆ ಎಂದುಕೊಂಡು ಎತ್ತಿದೆ.

"ವೈನಿ, ಅವ್ವನ ಫೋಟೋ ಐತೇನ?"

"ಐತಿ."

"ಕಳಸ. ಅಪ್ಪ ಹ್ವಾದ ಮ್ಯಾಲ ಹೂವಿನ ನಡುವ ಅಕೀದ ಒಂದೂ ಫೋಟೋ ಇಲ್ಲ." ಆಮೇಲೆ, "ಕೂಸು ಭಾಳ ಒದ್ಯಾಕತ್ತೈತಿ. ನಿನ್ನ ಮ್ಯಾಲ ಸಿಟ್ಟ ಇರಬೇಕು," ಎಂದಳು. ನಕ್ಕಳೆಂದು ಕಾಣುತ್ತದೆ, ಲೂಮಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.

ಫೆಬ್ರವರಿ ೨೪, ಸೋಮವಾರ

ಅತ್ತೆಗೆ ಜ್ವರ. ಮೂರು ದಿನವಾಯಿತು, ಇಳಿಯುತ್ತಿಲ್ಲ. ಡಾಕ್ಟರು ವೈರಲ್ ಎನ್ನುತ್ತಾರೆ, ಊರ ತುಂಬ ಇದೆಯಂತೆ. ನಾನು ಇಂಗ್ಲಿಷ್ ಶಾಲೆಯಲ್ಲಿ ವಿಜ್ಞಾನ ಓದಿದವಳು, ವೈರಲ್ ಎಂದರೆ ಏನೆಂದು ಗೊತ್ತು. ಆದರೂ ಅವರ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುವಾಗೆಲ್ಲ ಆ ಕುರ್ಚಿ ಕಾಣುತ್ತದೆ. ಕುಂತೇನಿ, ಮುಗೀತು ಎಂದರಲ್ಲ. ಮಗಳ ಪಾಲಿಗೆ ಬಂದದ್ದನ್ನು ತಾವು ತೆಗೆದುಕೊಂಡರಲ್ಲ. ಅದು ನಾನು ಕಟ್ಟಿದ್ದು.

ರೋಹನನಿಗೆ ಹೇಳಿದರೆ, "ಹುಚ್ಚೀ, ಜ್ವರ ಅದು," ಎಂದು ತಲೆ ಸವರಿದ. ಅವನಿಗೆ ಆಗ ಒಂಬತ್ತು ವರ್ಷ, ಅಪ್ಪನನ್ನು ಒಯ್ಯುವಾಗ ಪಕ್ಕದ ಮನೆಯಲ್ಲಿ ಆಟಕ್ಕೆ ಬಿಟ್ಟಿದ್ದರಂತೆ. ಅವನೂ ನೋಡಿಲ್ಲ. ಈ ಮನೆಯಲ್ಲಿ ನೋಡಿದವರು ಅತ್ತೆ ಒಬ್ಬರೇ.

ಗಂಜಿ ಎರಡು ಚಮಚ ಇಳಿಯಿತು. ವಿಭೂತಿ ಹಚ್ಚಿದೆ. ಶಿವರಾತ್ರಿಗೆ ಎರಡೇ ದಿನ.

ಫೆಬ್ರವರಿ ೨೭, ಗುರುವಾರ

ಜ್ವರ ಬಿಟ್ಟಿದೆ. ಬೆಳಿಗ್ಗೆ ಎದ್ದು ಕುಳಿತು ಚಹಾ ಕೇಳಿದರು. ಲೋಟ ಕೊಡುವಾಗ ನಾನು ಅತ್ತುಬಿಟ್ಟೆ, ಚಹಾ ಅವರ ಹೊದಿಕೆಯ ಮೇಲೆ ಚೆಲ್ಲಿತು.

"ಯಾಕ ಅಳತಿ? ಸತ್ತೇನಂತ ತಿಳದೇನ?"

"ಆ ಕುರ್ಚಿ, ಅತ್ತಿ..."

"ನಾ ಸತ್ರ ಈ ಇಪ್ಪತ್ತನಾಕ ಲೂಮ ನಿನ್ನ ಗಂಡ ನಡಸತಾನೇನ? ಅಂವಗ ಮುಂಜಾನೆ ತನ್ನ ಸಾಕ್ಸ್ ಸಿಗೂದಿಲ್ಲ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಉಳಿದ ಚಹಾ ಕುಡಿದರು. ಆಮೇಲೆ ತಾವಾಗಿ ಹೇಳಿದರು.

ಮಾವನವರು ಹೋದಾಗ ಅವರಿಗೆ ಮೂವತ್ತೊಂದು. ಗಂಡಸರು ಅಂಗಳದಲ್ಲಿ ವಿಮಾನ ಕಟ್ಟುತ್ತಿದ್ದರು. ಅತ್ತೆ ಕಿಟಕಿಯಿಂದ ನೋಡುತ್ತಿದ್ದರಂತೆ. ಹೂವು ಕಟ್ಟುವವನು ಗಡಿಬಿಡಿಯಲ್ಲಿದ್ದ. ಮಾಲೆ ಸಡಿಲ, ಒಂದು ಕಡೆ ಜಾಸ್ತಿ, ಒಂದು ಕಡೆ ಖಾಲಿ. ನಾನು ಕಟ್ಟುತ್ತೇನೆ ಎಂದು ಕೇಳಿದರಂತೆ. ಆಗಲೇ ಮುಡಿಯಿಂದ ಹೂವು ತೆಗೆದಾಗಿತ್ತು. ಇನ್ನು ಮುಟ್ಟಬಾರದು ಎಂದು ಯಾರೋ ಹಿರಿಯರು ಅಂದರಂತೆ.

"ಇಡೀ ಓಣಿಗೆ ಕಟ್ಟಾಕಿ ನಾ. ನನ್ನ ಗಂಡಗ ಕಟ್ಟಲಿಲ್ಲ. ಓಣಿ ಮೂಲಿ ತಿರಗೂದ್ರಾಗ ಅರ್ಧ ಹೂವ ಉದರಿತ್ತು. ನಾ ಕಿಟಕ್ಯಾಗಿಂದ ನೋಡಿನಿ."

ನಾನು ಚಹಾ ಚೆಲ್ಲಿದ ಹೊದಿಕೆಯನ್ನು ಮಡಚಿ ತೆಗೆದೆ.

"ನಿನ್ನ ಕುರ್ಚಿ ನೋಡಿ ನಾ ಅಂಜಲಿಲ್ಲ, ನೂತನ. ಚಂದಿತ್ತು. ಎರಡೂ ಬಾಜೂ ಸಮ ಇತ್ತು." ಲೋಟ ಕೆಳಗಿಟ್ಟರು. "ಗಂಟ ಮಾತ್ರ ಹೊಲಸ. ಯಾರ ಕಲಿಸ್ಯಾರ, ಮಾಣಿಕಿ?"

ಹೌದೆಂದೆ. "ಅಕೀದು ಎಡಗೈ. ಅಕೀನ ನೋಡಿ ಕಲತ್ರ ನಿನಗ ಉಲ್ಟಾ ಬೀಳತೈತಿ. ಹೋಗಿ ನಾಕ ಮಲ್ಲಿಗಿ, ಒಂದ ನಾರ ತಗೊಂಡ ಬಾ," ಎಂದರು.

ಮಧ್ಯಾಹ್ನವೆಲ್ಲ ಅವರ ಹಾಸಿಗೆಯ ಮೇಲೆ ಕುಳಿತು ಬಿಚ್ಚಿದೆ, ಕಟ್ಟಿದೆ, ಬಿಚ್ಚಿದೆ. ಹರಿದ ನೂಲಿಗೆ ಲೂಮಿನಲ್ಲಿ ಹಾಕುವ ಗಂಟೂ ಹೂವಿಗೆ ಹಾಕುವ ಗಂಟೂ ಅವರ ಬೆರಳಿಗೆ ಒಂದೇ. ಹೆಬ್ಬೆರಳಿನ ಬುಡದಲ್ಲಿ ನಾರನ್ನು ಒತ್ತಿ ಹಿಡಿದರೆ ಕುಣಿಕೆ ತಾನಾಗಿ ಬಿಗಿಯುತ್ತದೆ. ಒತ್ತುವುದು ತೋರುಬೆರಳಿನಿಂದಲ್ಲ, ಇಷ್ಟು ದಿನ ಅದೇ ನನ್ನ ತಪ್ಪು. ಮಲ್ಲಿಗೆಯ ತೊಟ್ಟು ಚಿಕ್ಕದಿದ್ದರೆ ಎರಡರ ಬದಲು ಮೂರು. ಮೊಗ್ಗಿನ ತುದಿ ಹೊರಗೆ, ಎಂದೂ ಒಳಗಲ್ಲ.

ಮಾರ್ಚ್ ೫, ಬುಧವಾರ

ಮಾಣಿಕಬಾಯಿ ಮನೆಗೇ ಬಂದಿದ್ದಳು. ಹನ್ನೆರಡನೇ ತಾರೀಖು ಒಂದೇ ಮುಹೂರ್ತಕ್ಕೆ ಎರಡು ಮದುವೆ ಒಪ್ಪಿಕೊಂಡಿದ್ದಾಳೆ. ಕೊರೋಚಿಯ ಸಖಾರಾಮರ ಮಗಳ ಮದುವೆಯನ್ನು ನನಗೆ ಬಿಟ್ಟುಕೊಡುತ್ತಾಳಂತೆ. ಬಾಗಿಲು, ಸ್ಟೇಜಿನ ಹಿಂದಿನ ಅಲಂಕಾರ, ಎರಡು ವರಮಾಲೆ.

ನಾನು ಅತ್ತೆಯ ಮುಖ ನೋಡಿದೆ. ಸೋತವಳು ನಾನು, ಮಾತಿನ ಪ್ರಕಾರ ಆಫೀಸಿನವಳು.

ಅತ್ತೆ ಮಾಣಿಕಬಾಯಿಗೆ, "ಒಬ್ಬಾಕೀ ಕೈಲೆ ಆಗೂದಿಲ್ಲ. ನಾನೂ ಹೋಗತೇನಿ," ಎಂದರು, ಲೂಮಿಗೆ ನೂಲು ಸುತ್ತಿದ ಬೀಮ್ ಬದಲಿಸಲು ಜನ ಸಾಲದು ಎನ್ನುವ ಧಾಟಿಯಲ್ಲೇ. ಮಾಣಿಕಬಾಯಿ ಏನೋ ಅನ್ನಲು ಬಾಯಿ ತೆರೆದವಳು ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು ಕುಳಿತಳು.

ಮಾರ್ಚ್ ೧೨, ಬುಧವಾರ

ಕೊಲ್ಹಾಪುರದ ಪೇಟೆಯಲ್ಲಿ ನಸುಕಿಗೆ ಅತ್ತೆ ಚೌಕಾಸಿ ಮಾಡುವುದನ್ನು ನೋಡಿದೆ. ಶೇವಂತಿಯ ಚೀಲದ ತಳಕ್ಕೆ ಮೊಣಕೈವರೆಗೂ ಕೈ ಹಾಕಿ ಬೆಚ್ಚಗಿದೆಯೇ ಎಂದು ನೋಡುತ್ತಾರೆ. ಬೆಚ್ಚಗಿದ್ದರೆ ನಿನ್ನೆಯ ಮಾಲು. ವ್ಯಾಪಾರಿಗೆ ಎದುರು ಮಾತಿರಲಿಲ್ಲ. ನಾನು ಗುಲಾಬಿ ಆರಿಸಿದೆ. ಸಂಜೆಗೆ ಅರಳಬೇಕಾದ್ದರಿಂದ ಹೊರ ಎಸಳು ಗಟ್ಟಿ ಇದ್ದು ಬುಡ ಒತ್ತಿದರೆ ತುಸು ಮೆತ್ತಗಿರುವುದನ್ನು ತೆಗೆದುಕೊಂಡೆ.

ಬಾಗಿಲು ಮತ್ತು ಸ್ಟೇಜು ಹನ್ನೆರಡಕ್ಕೆ ಮುಗಿದವು. ದ್ವೀಪದ ಚಿತ್ರವಿಲ್ಲ. ವಧುವಿನ ಸೀರೆಯ ಅಂಚು ನೋಡಿ, ಅದರದೇ ಹಳದಿ, ಅದರದೇ ನೇರಳೆ. ನೇರಳೆಗೆ ಆಸ್ಟರ್ ಹೂವು. ವರಮಾಲೆಗೆ ನಾವಿಬ್ಬರೂ ಚಾಪೆ ಹಾಸಿಕೊಂಡು ಕುಳಿತೆವು. ನಾನು ಗುಲಾಬಿಯ ತೊಟ್ಟು ಕತ್ತರಿಸಿ ಕೊಡುತ್ತಿದ್ದೆ, ಅತ್ತೆ ಕಟ್ಟುತ್ತಿದ್ದರು.

ವಧುವಿನ ಅಜ್ಜಿ ಧೊಂಡುಬಾಯಿ ಬಂದು ಸ್ವಲ್ಪ ಹೊತ್ತು ನಿಂತರು. "ಬಾಳಕ್ಕ, ನೀ ಕುಂಡ್ರ ಆ ಕಡೆ, ಚಹಾ ಕುಡಿ. ಬಾಗಲದ್ದು, ಸ್ಟೇಜಿಂದು ನೀ ಮಾಡಿದಿ, ಇರಲಿ. ವರಮಾಲಿ ಮಾತ್ರ ಸೊಸಿ ಕಟ್ಟಲಿ. ತಪ್ಪ ತಿಳಕೋಬ್ಯಾಡ, ಲಗ್ನದ ಹಾರ ಅದು."

ಅತ್ತೆ ತಕ್ಷಣ ನಾರು ಕೆಳಗಿಟ್ಟರು. ಈ ಮಾತು ಬಂದೇ ಬರುತ್ತದೆ ಎಂದು ಬೆಳಿಗ್ಗೆಯಿಂದ ಕಾಯುತ್ತಿದ್ದವರ ಹಾಗೆ. ಕೈ ಒರೆಸಿಕೊಂಡು ಏಳಲು ನೆಲಕ್ಕೆ ಕೈ ಊರಿದರು.

ನಾನು ಅವರ ಸೆರಗು ಹಿಡಿದೆ. "ಆಜೀ, ಹಂಗಿದ್ರ ವರಮಾಲಿ ಬ್ಯಾರೆ ಕಡೆ ತರಸ್ರಿ. ನನಗ ಇನ್ನೂ ಗಂಟ ಸರಿ ಬರೂದಿಲ್ಲ. ಗುಲಾಬಿ ಒಜ್ಜಿ ಇರತಾವ. ನಾ ಕಟ್ಟಿದ್ರ ಸ್ಟೇಜಿನ ಮ್ಯಾಲ ಉದರತಾವ."

"ಅಂದ್ರ? ಇಷ್ಟ ಹೊತ್ತಿಗೆ ನಾ ಎಲ್ಲಿಂದ ತರಸ್ಲಿ? ಆರ್ಡರ್ ಬಿಟ್ಟ ಹೋಗತೀಯೇನ?"

"ನಾವ ಬಂದದ್ದು ಇಬ್ಬರು. ಕಟ್ಟಿದ್ರ ಇಬ್ಬರೂ ಕಟ್ಟತೇವಿ. ಇಲ್ಲಂದ್ರ ಇಬ್ಬರೂ ಹೋಗತೇವ್ರಿ."

ಅತ್ತೆ ನನ್ನ ತೊಡೆ ಚಿವುಟಿದರು. "ಸುಮ್ನಿರ. ಮದಲನೇ ಆರ್ಡರ್ ಐತಿ," ಎಂದು ಪಿಸುಗುಟ್ಟಿದರು. ಅದು ನನಗೂ ಗೊತ್ತಿತ್ತು. ಆದರೆ ಹೇಳಿದ್ದು ನಿಜವೇ, ನನ್ನ ಗಂಟು ಗುಲಾಬಿಯ ಭಾರಕ್ಕೆ ಇನ್ನೂ ನಿಲ್ಲುವುದಿಲ್ಲ.

ಒಳಗಿನಿಂದ ವಧು ಪ್ರಾಜಕ್ತಾ ಮೆಹಂದಿಯ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿರಬೇಕು. "ಆಜೀ, ನಾಕಕ್ಕ ಫೋಟೋದವರ ಬರತಾರ. ಈಗ ಚರ್ಚಾ ಮಾಡಾಕ ಟೈಮ್ ಐತೇನ?" ಎಂದು ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಮಾವಶಿ, ನೀವ ಕಟ್ರಿ. ಬಿಗಿಯಾಗಿ ಕಟ್ರಿ. ನಮ್ಮವರ ದೋಸ್ತರು ಅವರನ್ನ ಹೆಗಲ ಮ್ಯಾಲ ಎತ್ತತೇವಂತ ಸಪಥ ಮಾಡ್ಯಾರ. ನಾ ಜಿಗದ ಹಾಕಾಕ ಬೇಕು. ಹಾರ ಹರೀತಂದ್ರ ಆಯುಷ್ಯ ಪೂರಾ ನಗತಾರ."

ಧೊಂಡುಬಾಯಿ ನಿಂತೇ ಇದ್ದರು. ಮೊಮ್ಮಗಳನ್ನು ನೋಡಿದರು, ಅತ್ತೆಯನ್ನು ನೋಡಿದರು. "ನಿಮ್ಮ ಕಾಲ, ನಿಮ್ಮ ಲಗ್ನ," ಎಂದು ಗೊಣಗುತ್ತ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎರಡು ಕಪ್ಪು ಚಹಾ ಬಂತು, ಎರಡರಲ್ಲೂ ಶುಂಠಿ.

ಅತ್ತೆ ನಾರನ್ನು ಮತ್ತೆ ಎತ್ತಿಕೊಂಡರು. ನಾನು ಕತ್ತರಿಸಿ ಕೊಟ್ಟ ಹಾಗೆಲ್ಲ ಕಟ್ಟುತ್ತ ಹೋದರು. ಮೂರೂವರೆಗೆ ಎರಡೂ ಹಾರ ಸಿದ್ಧವಾದವು. ಒಂದನ್ನು ಪ್ರಾಜಕ್ತಾಳ ತಮ್ಮ ಒಂದು ತುದಿ, ಸಖಾರಾಮರು ಒಂದು ತುದಿ ಹಿಡಿದು ಜಗ್ಗಿ ನೋಡಿದರು. ಒಂದು ಎಸಳು ಬೀಳಲಿಲ್ಲ.

ಟೆಂಪೋದಲ್ಲಿ ಬರುವಾಗ ಅತ್ತೆ ರಸ್ತೆಯ ಕಡೆ ನೋಡುತ್ತಲೇ ಹೇಳಿದರು. "ಆಫೀಸಿಗೆ ಬ್ಯಾರೆ ಯಾರನರ ನೋಡಂತ ರೋಹನಗ ಹೇಳೇನಿ. ನಿನ್ನ ಇಂಗ್ಲಿಷ್ ಮೇಲು ಓದಿ ಸೂರತದಾಂವ ಎರಡ ಸಲ ಫೋನ್ ಮಾಡಿ ಏನ ಬರದಾರಂತ ಕೇಳ್ಯಾನ."

ನಾನು ನಕ್ಕೆ. ಅವರು ನಗಲಿಲ್ಲ. "ನೂಲಿನ ಹಳೇ ಖೋಲಿ ಖಾಲಿ ಐತಿ. ಹತ್ತಿ ಧೂಳ ಬರೂದಿಲ್ಲ. ಕಿಟಕಿಗೆ ಒದ್ದಿ ಗೋಣಿತಟ್ಟ ಕಟ್ಟೂಣು, ಹೂವ ತಂಪ ಇರತಾವ," ಎಂದರು.

ಮನೆಗೆ ಬಂದು ಉಳಿದ ಮಲ್ಲಿಗೆಯನ್ನು ಒಂದು ಗೇಣು ಕಟ್ಟಿ ಅವರ ಮುಂದೆ ಹಿಡಿದೆ.

"ಬ್ಯಾಡ. ಮುಡಕೊಳ್ಳೂದ ನನಗ ಮರತ ಹೋಗೈತಿ," ಎಂದರು. ಸಿಟ್ಟಿನಿಂದಲ್ಲ. ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ತಿರುಗಿಸಿ, "ಇಲ್ಲಿ ನೋಡ, ಐದನೇದು ಸಡಲ ಐತಿ," ಎಂದು ಅಲ್ಲಿಂದ ಪೂರ್ತಿ ಬಿಚ್ಚಿ ನನ್ನ ಮಡಿಲಿಗೆ ಹಾಕಿದರು. ಮತ್ತೆ ಕಟ್ಟಿದೆ. ಮತ್ತೆ ಬಿಚ್ಚಿದರು. ಮೂರನೇ ಸಲ ಹೆಬ್ಬೆರಳು ಸರಿಯಾಗಿ ಕುಳಿತಿತು. ಅದು ಕುಳಿತಾಗ ಒಂದು ಸಣ್ಣ ಟಿಕ್ ಎಂಬ ಸದ್ದು ಬರುತ್ತದೆ, ನಾರಿನೊಳಗಿಂದ. ಇಷ್ಟು ದಿನ ಅದು ನನಗೆ ಕೇಳಿಸಿರಲಿಲ್ಲ.

ಬಾಗಿಲಲ್ಲಿ ರೋಹನ ನಿಂತಿದ್ದಾನೆ. ಊಟಕ್ಕೆ ಕರೆಯುತ್ತಿರುವುದು ಇದು ನಾಲ್ಕನೇ ಸಲವಂತೆ.